ಪಾರ್ಲೆಯ ಚೀನೀ ಮೇಷ್ಟ್ರು

ಅವರ ಬಲಗೈಯ ತೋರುಬೆರಳು ಸದಾ ಒದ್ದೆ. ಹಿತ್ತಾಳೆ ಲೋಟದ ನೀರಿಗೆ ಬೆರಳದ್ದಿ ಕಪ್ಪು ಕಡಪಾ ಕಲ್ಲಿನ ನೆಲದ ಮೇಲೆ ಒಂದು ಚೀನೀ ಅಕ್ಷರ ಬರೆಯುತ್ತಿದ್ದರು. ಅದು ಆರಿಹೋಗುವುದರೊಳಗೆ ನಾವು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಅಕ್ಷರಕ್ಕೆ ಆಯುಷ್ಯ ಕಡಿಮೆ. ಮಳೆಗಾಲದಲ್ಲಿ ಅವರೇ ಪಂಚೆಯ ತುದಿಯಿಂದ ಒರೆಸಬೇಕಾಗುತ್ತಿತ್ತು.

ಮೈಸೂರಿನ ಕಡೆಯವರು. ಹಡಗಿನ ಕಂಪನಿಯೊಂದರ ಗುಮಾಸ್ತರಾಗಿ ಶಾಂಘೈಯಲ್ಲಿ ಹನ್ನೆರಡು ವರ್ಷ ಇದ್ದು, ಅಲ್ಲಿ ಸರ್ಕಾರ ಬದಲಾದಾಗ, ತಮ್ಮಂತೆಯೇ ಚೀನೀ ಓದಲು ಕಲಿತಿದ್ದ ಹೆಂಡತಿಯೊಡನೆ ಮುಂಬೈಗೆ ಬಂದಿದ್ದರು. ವಾರವೆಲ್ಲ ಬಂದರಿನ ಬಳಿಯ ಆಫೀಸು. ಭಾನುವಾರ ಬೆಳಿಗ್ಗೆ ವಿಲೆ ಪಾರ್ಲೆಯಲ್ಲಿ, ನಾವಿದ್ದ ಬಿಲ್ಡಿಂಗಿನ ಪಕ್ಕದ ಹಾಲ್‌ನಲ್ಲಿ, ಉಚಿತವಾಗಿ ಚೀನೀ ಪಾಠ. ನಾನಾಗ ಕಾಲೇಜು ಸೇರಿದ್ದೆ. ಬೀದಿಯಲ್ಲೆಲ್ಲ 'ಹಿಂದಿ-ಚೀನಿ ಭಾಯಿ ಭಾಯಿ' ಎಂಬ ಘೋಷಣೆ. ನಾನು ಸೇರಿದ ದಿನ ಕೂರಲು ಜಾಗವಿರಲಿಲ್ಲ. ಮೇಷ್ಟ್ರು ಎಲ್ಲರನ್ನೂ ಒಮ್ಮೆ ನೋಡಿ, "ಅವರನ್ನ ಪ್ರೀತಿಸೋಕೆ ಕಲೀತೀರೋ, ಅವರ ಹತ್ರ ಜಗಳ ಆಡೋಕೆ ಕಲೀತೀರೋ ನಾನು ಕೇಳೋದಿಲ್ಲ. ಸರಿಯಾಗಿ ಕಲೀರಿ," ಎಂದರು.

ತಪ್ಪು ಉಚ್ಚಾರಕ್ಕೆ ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂರುತ್ತಿದ್ದರು, ಸರಿಯಾದ ಮೇಲೆ ತೆರೆಯುತ್ತಿದ್ದರು. ಒಂದು ಭಾನುವಾರ ನನ್ನಿಂದಾಗಿ ಅವು ಮುಕ್ಕಾಲು ಗಂಟೆ ಮುಚ್ಚಿಯೇ ಇದ್ದವು.

ಆ ವರ್ಷಗಳಲ್ಲೇ ಚೀನಾದ ಒಂದು ಕಲಾತಂಡ ಉಪನಗರಕ್ಕೆ ಬಂತು. ನಮ್ಮ ಕನ್ನಡಿಗರೇ ಕೆಲವರು ಸ್ನೇಹ ಸಮಿತಿ ಕಟ್ಟಿಕೊಂಡಿದ್ದರು. ವಕೀಲರೊಬ್ಬರು ಅಧ್ಯಕ್ಷರು, ನಮ್ಮ ಮೇಷ್ಟ್ರು ದುಭಾಷಿ. ಭಾಷಣಗಳಾದ ಮೇಲೆ ಸಭೆಯಿಂದ ಒಬ್ಬರು ಎದ್ದು, ಚೀನಾದ ನಕ್ಷೆಗಳಲ್ಲಿ ನಮ್ಮ ನೆಲವನ್ನು ಅವರದೆಂದು ತೋರಿಸಿರುವುದೇಕೆ ಎಂದು ಕೇಳಿದರು. ತಂಡದ ಮುಖ್ಯಸ್ಥರು ನಿಧಾನವಾಗಿ ಉತ್ತರಿಸಿದರು. ಅವು ಹಳೆಯ ನಕ್ಷೆಗಳು, ಸಮಯ ಬಂದಾಗ ನೋಡುತ್ತೇವೆ ಎಂದು ಮೇಷ್ಟ್ರು ಕನ್ನಡದಲ್ಲಿ ಹೇಳಿದರು. ಅಧ್ಯಕ್ಷರು ವಂದನೆ ಹೇಳುವ ಹೊತ್ತಿಗೆ ಆ ಮಾತು, ನಕ್ಷೆ ತಿದ್ದುವುದಾಗಿ ಅತಿಥಿಗಳು ವಚನ ಕೊಟ್ಟಿದ್ದಾರೆ ಎಂದಾಗಿತ್ತು. ಚಪ್ಪಾಳೆಯೋ ಚಪ್ಪಾಳೆ.

ಮೇಷ್ಟ್ರು ಎದ್ದು ಮೈಕಿನ ಹತ್ತಿರ ಹೋದರು.

"ಕ್ಷಮಿಸಬೇಕು. ತಿದ್ತೀವಿ ಅಂತ ಅವರು ಹೇಳಲಿಲ್ಲ. ನೋಡ್ತೀವಿ ಅಂದ್ರು. ಎರಡೂ ಒಂದೇ ಅಲ್ಲ."

ಚಪ್ಪಾಳೆ ನಿಂತಿತು. ಹಾರ ಹಾಕಲೆಂದು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸ್ಟೇಷನ್ನಿನ ದಾರಿಯಲ್ಲಿ ಮೇಷ್ಟ್ರನ್ನು, ಮಂಗಳದ ಸಮಯದಲ್ಲಿ ಅದು ಬೇಕಿತ್ತೇ ಎಂದು ಕೇಳಿಯೂ ಬಿಟ್ಟೆ.

"ಅವರು ಕೊಡದೇ ಇರೋ ಮಾತನ್ನ ನಾವೇ ಕೊಟ್ಟುಕೊಂಡ್ರೆ, ನಾಳೆ ಯಾರನ್ನ ಹೋಗಿ ಕೇಳೋದಮ್ಮ?" ಎಂದರು.

ಸಮಿತಿ ಅವರನ್ನು ಮತ್ತೆ ಕರೆಯಲಿಲ್ಲ. ಪಾಠ ಮಾತ್ರ ನಡೆದೇ ಇತ್ತು.

ಆಮೇಲೆ ಗಾಳಿ ತಿರುಗಿತು. ಟಿಬೆಟ್ಟಿನಿಂದ ಜನ ಬೆಟ್ಟ ದಾಟಿ ನಮ್ಮಲ್ಲಿಗೆ ಓಡಿಬಂದರು. ಗಡಿಯಲ್ಲಿ ನಮ್ಮವರು ಗುಂಡಿಗೆ ಬಲಿಯಾದ ಸುದ್ದಿ ಬಂತು. ಭಾಯಿ ಭಾಯಿ ಎಂದು ಕೂಗಿದ ಬಾಯಿಗಳೇ ಬೇರೆ ಕೂಗು ಹಾಕಿದವು. ಮೇಷ್ಟ್ರ ಬಾಗಿಲ ಮೇಲೆ ಯಾರೋ ಡಾಂಬರಿನಲ್ಲಿ 'ಚೀನೀ ಏಜೆಂಟ್' ಎಂದು ಬರೆದು ಹೋದರು. ಪಾಠಕ್ಕೆ ಉಳಿದವಳು ನಾನೊಬ್ಬಳೇ. ನಮ್ಮ ತಂದೆಯೂ ಬಿಡು ಎಂದರು. ನಾನು ಬಿಡಲಿಲ್ಲ.

ಅದೇ ವಕೀಲರು ಈಗ ಖಂಡನಾ ಸಭೆ ಕರೆದರು. ಪೀಕಿಂಗಿನ ಪತ್ರಿಕೆಯೊಂದರ ಲೇಖನ ಅವರ ಕೈಗೆ ಸಿಕ್ಕಿತ್ತು. ಓದಿ ಹೇಳಲು ಮೇಷ್ಟ್ರು ಬೇಕಾಯಿತು. ಬರುವುದಿಲ್ಲ ಎನ್ನಬಹುದಿತ್ತು. ಬಂದರು. ಮೊದಲ ಭಾಗದಲ್ಲಿ ನಮ್ಮ ದೇಶವನ್ನು ಹೀನವಾಗಿ ಬೈದಿದ್ದರು. ಮೇಷ್ಟ್ರು ಒಂದು ಮಾತನ್ನೂ ಮೆತ್ತಗೆ ಮಾಡದೆ ಕನ್ನಡದಲ್ಲಿ ಓದಿದರು. ಸಭೆ ಕುದಿಯಿತು. ಸಾಕು ಎಂದು ವಕೀಲರು ಕೈಸನ್ನೆ ಮಾಡಿದರು. ಮೇಷ್ಟ್ರು ನಿಲ್ಲಿಸಲಿಲ್ಲ. ಮುಂದಿನ ಭಾಗದಲ್ಲಿ, ಕೂತು ಮಾತಾಡಲು ತಾವು ಸಿದ್ಧ ಎಂದಿತ್ತು. ಅದನ್ನೂ ಓದತೊಡಗಿದಾಗ ಹಿಂದಿನಿಂದ ಒಬ್ಬ, ನೀವು ಯಾರ ಕಡೆ ಎಂದು ಕೂಗಿದ.

ಮೇಷ್ಟ್ರು ಕನ್ನಡಕ ತೆಗೆದರು. ಕೂಗಿದವನತ್ತ ತಿರುಗಿದರು.

"ನಾನು ನಮ್ಮ ಕಡೆ ಕಣಪ್ಪ. ಅದಕ್ಕೇ ಪೂರ್ತಿ ಓದ್ತಾ ಇದೀನಿ."

ಗದ್ದಲ ಹೆಚ್ಚಿತು. ಆಗ ಹೆಂಗಸರ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು. ಕುರ್ಲಾದ ಚಾಳಿನವಳು, ಧಾರವಾಡದ ಕಡೆಯವಳು. "ನನ್ನ ಮಗ ಸಿಪಾಯಿ ಅದಾನ, ಆ ಹಿಮದಾಗ ನಿಂತಾನ," ಎಂದಳು. "ಅವರು ಏನಂತಾರ, ನನಗ ಪೂರಾ ಕೇಳಬೇಕಾಗೇದ. ಓದ್ರಿ ಮಾಸ್ತರ."

ಕೂಗಿದವನು ಕೂತುಬಿಟ್ಟ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿದರು. ಈ ಸಲ ನಾನು ತಲೆ ಎತ್ತಿಕೊಂಡೇ ಕೂತಿದ್ದೆ. ಅಕ್ಕಪಕ್ಕದವರಿಗೆಲ್ಲ, ಅವರು ನನ್ನ ಮೇಷ್ಟ್ರು ಎಂದು ಹೇಳಬೇಕೆನಿಸಿತು. ಎಡಗಡೆ ಕೂತಿದ್ದವರಿಗೆ ಹೇಳಿದೆ ಕೂಡ.

ಮರುವರ್ಷ ದಿಲ್ಲಿಯ ಸರ್ಕಾರಿ ಕಚೇರಿಯೊಂದಕ್ಕೆ ಚೀನೀ ಬಲ್ಲ ಅನುವಾದಕರು ಬೇಕಾದರು. ಸಂದರ್ಶನದಲ್ಲಿ ಎಲ್ಲಿ ಕಲಿತೆ ಎಂದು ಕೇಳಿದರು. ಪಾರ್ಲೆಯಲ್ಲಿ ಎಂದೆ. ನಕ್ಕರು. ಒಂದು ಹಾಳೆ ಕೊಟ್ಟು ಅನುವಾದಿಸಲು ಹೇಳಿದರು. ಎರಡು ಪದ ನನಗೆ ಗೊತ್ತಿರಲಿಲ್ಲ. ಆ ಜಾಗ ಖಾಲಿ ಬಿಟ್ಟು, ಗೊತ್ತಿಲ್ಲ ಎಂದು ಅಂಚಿನಲ್ಲಿ ಬರೆದೆ. ಉಳಿದವರೆಲ್ಲ ಅಲ್ಲಿ ಏನಾದರೊಂದು ತುಂಬಿದ್ದರಂತೆ. ಕೆಲಸ ನನಗೆ ಸಿಕ್ಕಿತು.

ಮೇಷ್ಟ್ರಿಗೆ ಎಲ್ಲವನ್ನೂ ಬರೆದೆ, ಆ ಎರಡು ಪದಗಳನ್ನೂ ಸೇರಿಸಿ. ಉತ್ತರವಾಗಿ ಕಾರ್ಡು ಬಂತು. ಅಭಿನಂದನೆ ಇರಲಿಲ್ಲ. ಮೊದಲ ಪದದ ಅರ್ಥ ಬರೆದು, "ಎರಡನೆಯದು ನನಗೂ ತಿಳಿಯದು. ನಿನಗೆ ಗೊತ್ತಾದರೆ ನನಗೆ ಹೇಳಿಕೊಡು," ಎಂದಿದ್ದರು.

ಆ ಪದ ನನಗೆ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡಿದ್ದರು. ಆದರೂ ಅರ್ಥವನ್ನು ಒಂದು ಕಾರ್ಡಿನಲ್ಲಿ ಬರೆದು ಪಾರ್ಲೆಯ ವಿಳಾಸಕ್ಕೆ ಕಳಿಸಿದೆ. ಅವರ ಹೆಂಡತಿ ಅದನ್ನು ಅವರ ನಿಘಂಟಿನಲ್ಲಿ, ಆ ಪದ ಇರಬೇಕಾದ ಪುಟದಲ್ಲಿ ಇಟ್ಟು, ನಿಘಂಟನ್ನೇ ನನಗೆ ಕಳಿಸಿಕೊಟ್ಟರು.