ಹಡಗಿನಲ್ಲಿ ನಮ್ಮತ್ತೆ ಚೂಡಿದಾರ್ ಹಾಕಿಕೊಂಡಿದ್ದು

ನಮ್ಮತ್ತೆ ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಚೂಡಿದಾರ್ ಹಾಕಿಕೊಂಡಿದ್ದು ಹಡಗಿನಲ್ಲಿ. ಹಾಕಿಕೊಳ್ಳಿ ಅಂತ ಹೇಳಿದ್ದು ನನ್ನ ವಾರಗಿತ್ತಿ. ಅದನ್ನೇ ವರ್ಷಗಟ್ಟಲೆ ಹೇಳಿ ಸೋತಿದ್ದವಳು ನಾನು. ಆ ಪ್ರವಾಸ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ಸಮುದ್ರಕ್ಕಿಂತ ಮೊದಲು ನೆನಪಾಗುವುದು ಅದೇ.

ನಮ್ಮನೆಯವರ ಮೂಲ ಬೆಂಗಳೂರಿನ ಅಂಚಿನ ಗೊಟ್ಟಿಗೆರೆ. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಅದನ್ನೆಲ್ಲ ನೋಡಿಕೊಂಡು ಮೈದುನ ಮತ್ತು ಅವನ ಹೆಂಡತಿ ಅಲ್ಲೇ ಉಳಿದರು. ನಾವು ನಮ್ಮನೆಯವರ ಅಂಗಡಿಗೆ ಹತ್ತಿರವಾಗಲಿ ಅಂತ ಬನಶಂಕರಿಗೆ ಬಂದೆವು. ಮಾವ ಹೋದ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ದೇವಸ್ಥಾನ ಹತ್ತಿರ, ಮಂಡಿ ನೋವಿನ ಡಾಕ್ಟರು ಜಯನಗರದಲ್ಲೇ ಇದ್ದಾರೆ ಅನ್ನುವುದು ಕಾರಣ. ಅವತ್ತಿನಿಂದ ಅವರ ಮಾತ್ರೆ, ಬಿಸಿನೀರು, ಮುದ್ದೆಯ ಹದ, ಬಾತ್‌ರೂಮಿನ ಹಿಡಿಕೆ ಎಲ್ಲ ನನ್ನ ಪಾಲಿನದು. ವಾರಗಿತ್ತಿ ಭಾನುವಾರ ಹಣ್ಣು ತಗೊಂಡು ಬರುವಳು, ಒಂದಿಷ್ಟು ನಗಿಸುವಳು, ಹೋಗುವಳು. ಅವಳು ಹೋದ ಮೇಲೂ ಅತ್ತೆಯ ಮುಖದಲ್ಲಿ ನಗು ಉಳಿದಿರುತ್ತಿತ್ತು. ನಾನು ಬಾಳೆಹಣ್ಣಿನ ಸಿಪ್ಪೆ ಎತ್ತುತ್ತಾ ಅದನ್ನು ನೋಡುತ್ತಿದ್ದೆ.

ಒಂದು ಸಲ ಮೈದುನ, ವಾರಗಿತ್ತಿ ಇಬ್ಬರೂ ಸ್ನೇಹಿತರ ಜೊತೆ ಮುಂಬೈಯಿಂದ ಹಡಗು ಹತ್ತಿ ಗೋವಾಗೆ ಹೋಗಿಬಂದರು. ಆಮೇಲಿನ ಭಾನುವಾರಗಳಲ್ಲಿ ಬರೀ ಹಡಗಿನದೇ ಮಾತು. ಟೀವಿ ಮುಂದೆ ತೂಕಡಿಸುತ್ತಿದ್ದ ಅತ್ತೆ ಕಣ್ಣರಳಿಸಿ ಕೂತು ಕೇಳುತ್ತಿದ್ದರು. ಒಂದು ದಿನ ವಾರಗಿತ್ತಿಯ ಕೈ ಹಿಡಿದು, "ನಾನೂ ಒಂದ್ಸಲ ನೋಡ್ಬೇಕು ಕಣೇ" ಅಂದುಬಿಟ್ಟರು. ನನ್ನ ಹತ್ತಿರ ಅವರು ಹಾಗೆ ಆಸೆಪಟ್ಟು ಏನನ್ನೂ ಕೇಳಿದವರಲ್ಲ. ಸೊಂಟಕ್ಕೆ ಹಚ್ಚುವ ಎಣ್ಣೆ ಮುಗಿದಿದೆ ಅಂತ ಹೇಳಿದ್ದಾರೆ, ಅಷ್ಟೇ.

ಅಣ್ಣತಮ್ಮ ಮಾತಾಡಿಕೊಂಡು ಐದೂ ಜನ ಹೋಗುವುದು ಅಂತ ತೀರ್ಮಾನವಾಯಿತು.

ಹೊರಡುವ ಹಿಂದಿನ ಭಾನುವಾರ ವಾರಗಿತ್ತಿ ನಮ್ಮ ಹಾಲ್‌ನಲ್ಲಿ ಕೂತು ಪಾಠ ಶುರು ಮಾಡಿದಳು. ನಾನು ಆಗಲೇ ಸೂಟ್‌ಕೇಸುಗಳನ್ನು ತುಂಬಿ ಇಟ್ಟಿದ್ದೆ. ಅವಳು ನನ್ನನ್ನೊಂದು ಮಾತೂ ಕೇಳದೆ ಅತ್ತೆಯ ಸೂಟ್‌ಕೇಸ್ ತೆಗೆದಳು.

"ಅಕ್ಕ, ಮಾತ್ರೆಗಳನ್ನ ಇದರಲ್ಲಿ ಇಡಬೇಡಿ. ದೊಡ್ಡ ಪೆಟ್ಟಿಗೆನೆಲ್ಲ ಬಂದರಲ್ಲೇ ಅವರು ತಗೊಂಡುಬಿಡ್ತಾರೆ. ರೂಮಿಗೆ ಬರೋ ಹೊತ್ತಿಗೆ ಸಾಯಂಕಾಲ ಆಗುತ್ತೆ. ಮಾತ್ರೆ, ಆಧಾರ್ ಕಾರ್ಡು, ಕನ್ನಡಕ, ಒಂದು ಜೊತೆ ಬಟ್ಟೆ ಎಲ್ಲ ಕೈಚೀಲದಲ್ಲೇ ಇರ್ಲಿ."

ಸರಿಯಾದ ಮಾತೇ. ಆದರೆ ಅತ್ತೆಯ ಮಾತ್ರೆ ಎಲ್ಲಿರಬೇಕು ಅಂತ ನನಗೆ ಬೇರೆಯವರು ಹೇಳಿದ್ದು ಅದೇ ಮೊದಲು.

ಅವಳು ನಿಲ್ಲಿಸಲಿಲ್ಲ. ಒಳಗೆ ಏಸಿ ಕೊರೆಯುತ್ತದೆ, ಶಾಲು ಬೇಕು. ಡೆಕ್ ಮೇಲೆ ನೀರು ಬಿದ್ದಿರುತ್ತದೆ, ಜಾರದ ಚಪ್ಪಲಿಯೇ ಆಗಬೇಕು. ಹೊಟ್ಟೆ ತೊಳಸಿದರೆ ಅಂತ ಡಾಕ್ಟರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಬೇಕು. ರೂಮಿನ ಗೋಡೆ ಕಬ್ಬಿಣದ್ದು, ಆಯಸ್ಕಾಂತದ ಕೊಕ್ಕೆ ಒಯ್ದರೆ ಟವೆಲ್ಲು, ಟೋಪಿ ನೇತುಹಾಕಬಹುದು. ಒಂದು ಸಂಜೆ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಊಟಕ್ಕೆ ಹೋಗುತ್ತಾರೆ, ಅದಕ್ಕೊಂದು ಒಳ್ಳೆ ಸೀರೆ ಸಾಕು.

"ಇಸ್ತ್ರಿ ಪೆಟ್ಟಿಗೆ, ಕೆಟಲ್ಲು, ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಬೆಂಕಿ ಭಯ ಅವರಿಗೆ. ತಿಂಡಿ ಕಟ್ಟಿದ್ರೂ ಒಳಗೆ ಬಿಡಲ್ಲ."

"ಮುದ್ದೆ?" ಅಂದರು ಅತ್ತೆ.

"ಮುದ್ದೆ ಇರಲ್ಲ ಅತ್ತೆ. ಅನ್ನ, ಇಡ್ಲಿ, ಚಪಾತಿ ಸಿಗುತ್ತೆ. ಸ್ವಲ್ಪ ದಿನ ತಾನೇ?"

"ಹೂಂ, ಆಗಲಿ ಬಿಡು."

ಆಗಲಿ ಬಿಡು! ನನ್ನ ಮನೆಯಲ್ಲಿ ಒಂದು ಹೊತ್ತು ಮುದ್ದೆ ತಪ್ಪಿದರೆ ತಟ್ಟೆಯ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂರುವವರು ಇವರೇನಾ ಅನ್ನಿಸಿತು. ಅವರೆಲ್ಲ ಕಾಫಿ ಕುಡಿಯುತ್ತಿದ್ದಾಗ ನಾನು ಒಳಗೆ ಹೋಗಿ ನನ್ನ ಇಸ್ತ್ರಿ ಪೆಟ್ಟಿಗೆಯನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಸೇರಿಸಿದೆ.

ಮುಂಬೈ ಬಂದರಿನಲ್ಲಿ ಹಡಗು ನೋಡಿ ಅತ್ತೆ ಬಾಯಿ ಬಿಟ್ಟುಕೊಂಡು ನಿಂತರು. "ಇದು ತೇಲುತ್ತಾ?" ಅಂತ ಅವರು ಕೇಳಿದ್ದೂ ವಾರಗಿತ್ತಿಯನ್ನೇ. ಒಳಗೆ ಹೋದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಮೂರು ಹಾಸಿಗೆಯ ರೂಮು ಮೈದುನನ ಹೆಸರಿನಲ್ಲಿತ್ತು. ಅತ್ತೆ ನಮ್ಮ ಜೊತೆ ಇರುತ್ತಾರೆ, ಬೇಕಾದರೆ ರೂಮು ಬದಲಾಯಿಸಿಕೊಂಡರಾಯಿತು ಅಂದುಕೊಂಡಿದ್ದೆ.

"ನಾನು ಚಿಕ್ಕವಳ ಜೊತೇಲೇ ಇರ್ತೀನಿ. ಅವಳಿಗೆ ಹಡಗು ಗೊತ್ತು" ಅಂದರು ಅತ್ತೆ.

"ಮಧ್ಯರಾತ್ರಿ ಎದ್ರೆ ಯಾರು ಹಿಡ್ಕೋತಾರೆ?" ಅಂದೆ ನಾನು.

"ಇವಳಿಗೇನು ಕೈ ಇಲ್ವಾ?"

ನಮ್ಮನೆಯವರು ನನ್ನ ಬೆನ್ನು ತಟ್ಟಿ, "ಬಾರೇ, ನಿನಗೂ ನಿದ್ದೆ ಸಿಗುತ್ತೆ" ಅಂದರು. ಅದು ಸಮಾಧಾನದ ಮಾತು ಅಂತ ಅವರು ನಿಜವಾಗಿಯೂ ನಂಬಿದ್ದರು.

ಸಂಜೆ ನಮ್ಮ ಸೂಟ್‌ಕೇಸುಗಳಲ್ಲಿ ಒಂದು ಬರಲೇ ಇಲ್ಲ. ಕೇಳಿದರೆ ಕೆಳಗಿನ ಆಫೀಸಿಗೆ ಬರಬೇಕಂತೆ. ಅಲ್ಲಿ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ನನ್ನ ಸೂಟ್‌ಕೇಸ್ ತೆಗೆಸಿದಳು. ಸೀರೆಯ ಮಡಿಕೆಯೊಳಗಿಂದ ಇಸ್ತ್ರಿ ಪೆಟ್ಟಿಗೆ ಹೊರಬಂತು. ಇಳಿಯುವ ದಿನ ವಾಪಸ್ ಕೊಡುತ್ತೇವೆ ಮೇಡಂ ಅಂದಳು. ದಾರಿ ತೋರಿಸಲು ಬಂದಿದ್ದ ವಾರಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ನಗಲಿಲ್ಲ, ಹೇಳಿರಲಿಲ್ವಾ ಅನ್ನಲಿಲ್ಲ. "ನಂಗೂ ಹೋದ ಸಲ ಹೀಗೇ ಆಯ್ತು ಅಕ್ಕ, ಅದಕ್ಕೇ ಗೊತ್ತು" ಅಂದಳು. ಅವಳು ನಕ್ಕಿದ್ದರೇ ಚೆನ್ನಾಗಿತ್ತು. ಅವಳ ಮೇಲೆ ಕೋಪ ಮಾಡಿಕೊಳ್ಳಲು ನನಗೊಂದು ಕಾರಣವಾದರೂ ಸಿಗುತ್ತಿತ್ತು.

ಹಡಗು ಹೊರಡುವ ಮುಂಚೆ ಎಲ್ಲರನ್ನೂ ಒಂದು ಕಡೆ ಸೇರಿಸಿ, ಅಪಾಯ ಬಂದರೆ ಎಲ್ಲಿಗೆ ಬರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ತೋರಿಸಿದರು. ಹಿಂದೆ ಒಂದು ಗುಂಪು ಸೆಲ್ಫಿ ತೆಗೆದುಕೊಳ್ಳುತ್ತಾ ಗದ್ದಲ ಮಾಡುತ್ತಿತ್ತು. ವಾರಗಿತ್ತಿ ತಿರುಗಿ, "ಸ್ವಲ್ಪ ಸುಮ್ನಿರಿ, ಇವರಿಗೆ ಕೇಳಿಸ್ಬೇಕು" ಅಂತ ಅತ್ತೆಯನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಸುಮ್ಮನಾದರು. ಅತ್ತೆ ಮೈ ನೇರ ಮಾಡಿಕೊಂಡು, ಪರೀಕ್ಷೆ ಬರೆಯುವವರ ಹಾಗೆ ಎಲ್ಲವನ್ನೂ ಕೇಳಿದರು.

ಮಾರನೆಯ ಬೆಳಿಗ್ಗೆ ತಿಂಡಿಗೆ ಹೋದಾಗ ಅವರನ್ನು ನೋಡಿದೆ. ತಿಳಿ ನೀಲಿ ಚೂಡಿದಾರ್, ಮೇಲೆ ದುಪ್ಪಟ್ಟ, ಕತ್ತಿನಲ್ಲಿ ರೂಮಿನ ಕಾರ್ಡು ನೇತುಹಾಕಿದ ಪಟ್ಟಿ. ಗಾಳಿಗೆ ಸೀರೆ ಹಾರುತ್ತದೆ ಅಂತ ವಾರಗಿತ್ತಿ ಜಯನಗರ ಫೋರ್ತ್ ಬ್ಲಾಕಿನಲ್ಲಿ ಮೊದಲೇ ಕೊಂಡು ಇಟ್ಟುಕೊಂಡಿದ್ದಳಂತೆ. ನನಗೆ ಹೇಳಿರಲಿಲ್ಲ.

"ಹೆಂಗಿದೆ?" ಅಂದರು ಅತ್ತೆ.

"ಚೆನ್ನಾಗಿದೆ" ಅಂದೆ. ನನ್ನ ಧ್ವನಿ ನನಗೇ ಹುಳಿಯಾಗಿ ಕೇಳಿಸಿತು.

ಬಾಗಿಲಲ್ಲಿ ಕೈಗೆ ಔಷಧಿ ನೀರು ಹಾಕಿಸಿಕೊಂಡೇ ಒಳಗೆ ಹೋಗಬೇಕು, ತಟ್ಟೆ ತುಂಬ ಬಡಿಸಿಕೊಂಡು ಬಿಡಬಾರದು, ಎಷ್ಟು ಸಲ ಬೇಕಾದರೂ ಎದ್ದುಹೋಗಬಹುದು ಅಂತೆಲ್ಲ ಅತ್ತೆ ಈಗ ನನಗೇ ಹೇಳಿಕೊಟ್ಟರು. ನಮ್ಮನೆಯವರು ಈಜುಕೊಳದ ಪಕ್ಕ ಎರಡು ಕುರ್ಚಿಗೆ ಟವೆಲ್ಲು ಹಾಸಿ ಬಂದಿದ್ದರು. "ಹಂಗೆ ಜಾಗ ಹಿಡಿಯೋದು ಮರ್ಯಾದೆ ಅಲ್ಲ ಕಣೋ. ಕೂರೋನು ಅಲ್ಲೇ ಇರ್ಬೇಕು. ಹೋಗಿ ತೆಗಿ" ಅಂತ ಅತ್ತೆ ಮಗನನ್ನು ಎಬ್ಬಿಸಿ ಕಳಿಸಿದರು. ಅವೆಲ್ಲ ಚಿಕ್ಕವಳು ಹೇಳಿಕೊಟ್ಟ ಮಾತು. ಅತ್ತೆ ತಮ್ಮದೇ ಎನ್ನುವ ಹಾಗೆ ಆಡುತ್ತಿದ್ದರು.

ಮಧ್ಯಾಹ್ನ ಮೇಲಿನ ಡೆಕ್‌ನಲ್ಲಿ ಅತ್ತೆ ಒಬ್ಬರೇ ಕೂತಿದ್ದರು. ಸುತ್ತ ನೀರು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ಒಂದು ಮಾತು ಕೇಳ್ಲಾ? ಇಷ್ಟು ವರ್ಷ ನಾನು ಬಡ್ಕೊಂಡೆ. ಚೂಡಿದಾರ್ ಹಾಕ್ಕೊಳ್ಳಿ, ಸೀರೆ ಕಾಲಿಗೆ ಸಿಗುತ್ತೆ ಅಂತ. ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಅವಳು ಒಂದು ಸಲ ಹೇಳಿದ ತಕ್ಷಣ ಹಾಕ್ಕೊಂಡ್ರಿ."

ಅವರು ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ.

"ನೀನು ಬಿದ್ದುಬಿಡ್ತೀರಿ ಅಂತ ಹೇಳ್ದೆ. ಅವಳು ಚೆನ್ನಾಗಿ ಕಾಣ್ತೀರಿ ಅಂದ್ಲು."

ಬಿದ್ದರೆ ಎತ್ತಬೇಕಾದವಳು ನಾನು, ಅದಕ್ಕೇ ಹಾಗೆ ಹೇಳುತ್ತಿದ್ದೆ ಅನ್ನಬೇಕೆನ್ನಿಸಿತು. ಆದರೆ ಅವರು ಹೇಳಿದ್ದು ನಿಜ. ನಾನು ಅವರನ್ನು ನೋಡಿದಾಗಲೆಲ್ಲ ಮಂಡಿ ಕಾಣುತ್ತಿತ್ತು, ಬಿಪಿ ಕಾಣುತ್ತಿತ್ತು, ಒದ್ದೆ ನೆಲ ಕಾಣುತ್ತಿತ್ತು. ನೀಲಿ ಬಣ್ಣ ಅವರಿಗೆ ಒಪ್ಪುತ್ತದೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು.

ಆದರೆ ಅಷ್ಟಕ್ಕೇ ಹೊಟ್ಟೆಕಿಚ್ಚು ಆರಿಹೋಯಿತು ಅಂದರೆ ಸುಳ್ಳಾಗುತ್ತದೆ. ಆ ಸಂಜೆ ಎಲ್ಲರೂ ಡ್ರೆಸ್ ಮಾಡಿಕೊಂಡು ಊಟಕ್ಕೆ ಹೊರಟಾಗ ಅತ್ತೆಯ ಜಡೆಗೆ ವಾರಗಿತ್ತಿ ಕ್ಲಿಪ್ಪು ಹಾಕುತ್ತಿದ್ದಳು. ಆ ತಲೆಗೆ ದಿನಾ ಎಣ್ಣೆ ಹಚ್ಚುವ ನನ್ನ ಕೈ ತುರಿಸುತ್ತಿತ್ತು. ಇಸ್ತ್ರಿಯಿಲ್ಲದೆ ಸುಕ್ಕಾದ ನನ್ನ ರೇಷ್ಮೆ ಸೀರೆಯನ್ನು ಎಳೆದು ಎಳೆದು ಸರಿಮಾಡಿಕೊಳ್ಳುತ್ತಾ ಕೂತೆ.

ಬೆಂಗಳೂರಿನ ಏರ್‌ಪೋರ್ಟಿಗೆ ಬಂದಾಗ ಎರಡು ಕಾರು ಕಾಯುತ್ತಿದ್ದವು. ಅತ್ತೆ ಗೊಟ್ಟಿಗೆರೆ ಕಾರಿನ ಪಕ್ಕ ನಿಂತು, "ನಾನು ಒಂದಷ್ಟು ದಿನ ಅಲ್ಲಿದ್ದು ಬರ್ತೀನಿ ಕಣಮ್ಮ" ಅಂದರು. ನಾನು ಮಾತ್ರೆಯ ಡಬ್ಬಿ ಕೊಟ್ಟೆ. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಅಂತ ಹೇಳಬೇಕಿತ್ತು. ಬೇಕಾದರೆ ವಾರಗಿತ್ತಿಯೇ ಕೇಳಲಿ ಅಂತ ಸುಮ್ಮನಿದ್ದೆ. ಅವಳು ಕೇಳಿದಳು. ಹೇಳಿದೆ.

ಮನೆಯಲ್ಲಿ ಬೆಳಿಗ್ಗೆ ಎದ್ದರೆ ಅಭ್ಯಾಸಬಲದಿಂದ ಅವರಿಗೂ ಸೇರಿಸಿ ಬಿಸಿನೀರು ಇಡುತ್ತಿದ್ದೆ. ಸಾರು ಮಿಕ್ಕುತ್ತಿತ್ತು. ಒಂದು ದಿನ ವಾರಗಿತ್ತಿಯ ಫೋನು ಬಂತು.

"ಅಕ್ಕ, ಅತ್ತೆ ಮುದ್ದೆ ಅರ್ಧಕ್ಕೇ ಬಿಡ್ತಾರೆ. ನೀವು ಹೇಗೆ ಮಾಡ್ತೀರಾ?"

"ಎಲ್ರೂ ಮಾಡೋ ಹಾಗೇ" ಅಂದು ಫೋನಿಟ್ಟೆ. ಇಟ್ಟ ಮೇಲೆ ಕೂರಲಾಗಲಿಲ್ಲ. ಅವರು ಅರ್ಧ ಹೊಟ್ಟೆಯಲ್ಲಿದ್ದಾರೆ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಆಟೋ ಹಿಡಿದು ಗೊಟ್ಟಿಗೆರೆಗೆ ಹೋದೆ.

ವಾರಗಿತ್ತಿ ಅಡುಗೆಮನೆಯಲ್ಲಿ ಕೂದಲು ಕೆದರಿಕೊಂಡು ನಿಂತಿದ್ದಳು. ನನ್ನನ್ನು ನೋಡಿದ್ದೇ ತಡ, "ಸಾಕಾಯ್ತು ಅಕ್ಕ" ಅಂದಳು. "ಏನು ಮಾಡಿದ್ರೂ ದೊಡ್ಡವಳು ಹೀಗೆ ಮಾಡಲ್ಲ, ದೊಡ್ಡವಳು ಹಾಗೆ ಮಾಡ್ತಾಳೆ. ದಿನಾ ಇದೇ. ನಂಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಗೊತ್ತಾ?"

ಆ ಮಾತು ಕೇಳಿ ನನಗಾದ ಖುಷಿಯನ್ನು ಮುಚ್ಚಿಡಲು ನಾನು ಒಲೆಯ ಕಡೆ ತಿರುಗಬೇಕಾಯಿತು. ಎಸರಿಗೆ ಸ್ವಲ್ಪ ನುಚ್ಚಕ್ಕಿ ಹಾಕಿ ಬೇಯಿಸಿ, ಆಮೇಲೆ ಹಿಟ್ಟು ಹಾಕಿ ಅದುಮಿಟ್ಟು, ಸಾಕಷ್ಟು ಹೊತ್ತು ಬಿಟ್ಟು ತಿರುವಬೇಕು ಅಂತ ಮಾಡಿ ತೋರಿಸಿದೆ. ಅವರ ಹಲ್ಲಿಗೆ ಮೆತ್ತಗೇ ಆಗಬೇಕು. ಅವಳು ಗಮನವಿಟ್ಟು ನೋಡಿದಳು. ಅತ್ತೆ ಪೂರ್ತಿ ಮುದ್ದೆ ಉಂಡರು. ಆದರೆ ನಾನು "ಮನೆಗೆ ಹೋಗೋಣ್ವಾ?" ಅಂದಾಗ, "ಗೌರಿ ಹಬ್ಬಕ್ಕೆ ಬರ್ತೀನಿ ಬಿಡೇ" ಅಂದುಬಿಟ್ಟರು.

ಹಬ್ಬಕ್ಕೆ ಬಂದರು, ಮತ್ತೆ ಹೋದರು. ಈಗ ಅಲ್ಲೂ ಇರುತ್ತಾರೆ, ಇಲ್ಲೂ ಇರುತ್ತಾರೆ. ಅವರು ಗೊಟ್ಟಿಗೆರೆಗೆ ಹೊರಡುವ ದಿನ ನನ್ನ ಮುಖ ಊದಿಕೊಂಡಿರುತ್ತದೆ ಅಂತ ನಮ್ಮನೆಯವರು ಹೇಳುತ್ತಾರೆ. ಇರಬಹುದು. ಕಾರು ತಿರುವು ದಾಟುವವರೆಗೂ ಗೇಟಿನ ಹತ್ತಿರ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು ನನ್ನೊಬ್ಬಳಿಗೇ ಕಾಫಿ ಮಾಡಿಕೊಳ್ಳುತ್ತೇನೆ.