ಬರಿದಾದ ತಂತಿ

ಇವತ್ತು ಮೊಮ್ಮಗಳು ಸುಂಟಿಕೊಪ್ಪದ ಕಾಲೇಜಿಗೆ ಬಸ್ಸು ಹತ್ತಿದಳು. ನನಗೋ ಕುಣಿಯುವ ಆಸೆ, ಮಂಡಿ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಕಡಿಮೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹಿಂದೆ ಬಟ್ಟೆ ಒಣಹಾಕಲು ಎಲ್ಲರಿಗೂ ಒಂದೇ ತಂತಿ. ಯಾವ ಹುಡುಗಿಯ ಮುಟ್ಟಿನ ಬಟ್ಟೆ ಈ ತಿಂಗಳು ಒಣಗಲಿಲ್ಲ ಎಂದು ಹೆಂಗಸರ ಕಣ್ಣು ಅಲ್ಲೇ ಇರುತ್ತದೆ. ಪಕ್ಕದ ಮನೆಯವಳ ಮಗಳು ನಾಚಿಕೆಗೆ ಅಟ್ಟದ ಮೇಲೆ ಒಣಹಾಕುತ್ತಿದ್ದಳು. ಬಸುರಿ ಎಂದು ಸುದ್ದಿಯಾಯಿತು. ಹೆದರಿದ ಅಪ್ಪ ಅಮ್ಮ ಶಾಲೆ ಬಿಡಿಸಿ ಮದುವೆ ಮಾಡಿದರು. ಆಗ ಅವಳಿಗೆ ಏನೂ ಆಗಿರಲಿಲ್ಲ. ಮದುವೆಯಾದ ಮೇಲೆ ಆಯಿತು.

ಆಮೇಲೆ, ಹುಡುಗಿಯರು ಎಳೆ ವಯಸ್ಸಿಗೆ ಬಸುರಾಗಬಾರದು ಎಂದು ಯಾವುದೋ ಸಂಸ್ಥೆಯ ಮೇಡಂ ಒಬ್ಬರು ಶಾಲೆಯಲ್ಲಿ ಪಾಠ ಹೇಳಿ ಪ್ಯಾಡ್ ಕೊಟ್ಟರು. ಮೊಮ್ಮಗಳು ಅದನ್ನೇ ಬಳಸಿದಳು. ತಂತಿ ಬರಿದಾಯಿತು.

"ಏನಜ್ಜೀ, ಮೊಮ್ಮಗಳ ಬಟ್ಟೆ ಕಾಣಿಸ್ತಾನೇ ಇಲ್ವಲ್ಲ?" ಎಂದಳು ಪಕ್ಕದ ಮನೆಯವಳು, ನಲ್ಲಿಯ ಹತ್ತಿರ. "ತೊಟ್ಟಿಲು ತಗೊಂಡ್ಯಾ, ನಮ್ದೇ ಕೊಡ್ಲಾ?"

ನನ್ನ ಮಗನ ಕಿವಿಗೆ ಬಿತ್ತು. ಬಾಸುಂಡೆ ಬರುವ ಹಾಗೆ ಮಗಳಿಗೆ ಹೊಡೆದ. ಅವಳು ಪ್ಯಾಡ್ ತೋರಿಸಿದರೆ, "ಇದ್ನೆಲ್ಲ ಕೊಟ್ಟೇ ಕೆಡಿಸ್ತಿರೋದು" ಎಂದು ಒಲೆಗೆ ಹಾಕಿದ. ಲಾರಿ ಡ್ರೈವರನೊಬ್ಬನಿಗೆ ಅವಳನ್ನು ಮದುವೆ ಮಾಡಿಕೊಡುವುದಾಗಿ ಮಾತು ಕೊಟ್ಟೂ ಬಂದ.

ಮೊಮ್ಮಗಳ ಬಟ್ಟೆ ಎಂದುಕೊಳ್ಳಲಿ ಎಂದು ನಾನು ನನ್ನ ಹಳೇ ಸೀರೆ ಹರಿದು, ಒಗೆದು, ತಂತಿಗೆ ಹಾಕಿದೆ. ಪಕ್ಕದ ಮನೆಯವಳಿಗೆ ಅಂಚಿನ ಗುರುತು ಸಿಕ್ಕಿತು. "ಬನ್ರೇ, ಅಜ್ಜಿ ದೊಡ್ಡೋಳಾಗವ್ಳೆ! ಆರತಿ ತನ್ನಿ!"

ಪಾಠದಿಂದ ಏನು ಉಪಯೋಗವಾಯಿತು ಎಂದು ವಿಚಾರಿಸಲು ಮೇಡಂ ಮತ್ತೆ ಬಂದರು. ಎಲ್ಲರೂ "ಚೆನ್ನಾಗಿದೆ" ಎಂದರು. ನಾನು ಅವರ ಕೈ ಹಿಡಿದು ತಂತಿಯ ಕೆಳಗೆ ನಿಲ್ಲಿಸಿ ಎಲ್ಲ ಹೇಳಿದೆ.

"ಇದು ನಮಗೆ ಗೊತ್ತೇ ಇರ್ಲಿಲ್ಲ ಅಜ್ಜಿ."

ಅವರು ಬೇರೆ ಎಸ್ಟೇಟುಗಳಲ್ಲೂ ಕೇಳಿದರಂತೆ, ಅಲ್ಲೂ ಇದೇ ಕಥೆ. ಮುಂದಿನ ಸಲ ಪಾಠ ನಡೆದದ್ದು ನಮ್ಮ ಲೈನಿನಲ್ಲೇ, ದೊಡ್ಡವರಿಗೆ. ಗಂಡಸರನ್ನೂ ಕೂರಿಸಿ, ಪ್ಯಾಡ್ ಬಿಚ್ಚಿ ನೀರು ಹೊಯ್ದು ತೋರಿಸಿದರು. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕೇಸು ಎಂದರು. ನನ್ನ ಮಗ ಡ್ರೈವರನಿಗೆ ಬೇಡವೆಂದು ಹೇಳಿ ಕಳಿಸಿದ.

ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಪಕ್ಕದ ಮನೆಯ ಹುಡುಗಿ ಕೇಳಿದಳು, "ನನ್ ಮದ್ವೆಗೆ ಮೊದ್ಲೇ ಯಾಕ್ ಬರ್ಲಿಲ್ಲ ಮೇಡಂ?"

ಅವಳ ತಾಯಿ ಇವತ್ತು ಬೆಳಿಗ್ಗೆ ಮೊಮ್ಮಗಳು ಹತ್ತಿದ ಬಸ್ಸು ನೋಡಿ, "ಕಾಲೇಜಿಗೋದ್ರೆ ಬಸುರಾಗಲ್ವಾ?" ಎಂದಳು.

"ನಿನ್ನ ತೊಟ್ಟಿಲು ನೀನೇ ಮಡೀಕೋ ಕಣೇ!" ಲೈನಿಗೆಲ್ಲ ಕೇಳುವ ಹಾಗೆ ಕೂಗಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು.

ಅವಳ ಮಗಳು ತಂತಿಗೆ ಕೂಸಿನ ಬಟ್ಟೆ ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.