ದಿಂಬಿನ ನಾಡಿ

ಆ ವಾಚಿನಂಗಡಿಯಲ್ಲಿ ಅವಳು ಮಾಡುತ್ತಿದ್ದ ಕೆಲಸವನ್ನು ಹೊರಗಿನವರಿಗೆ ಹೇಳಿದರೆ ನಗುತ್ತಿದ್ದರು. ವಾಚು ಕಟ್ಟಿಕೊಳ್ಳುವುದು, ಅಷ್ಟೇ. ಬೆಳಿಗ್ಗೆ ಬಂದವಳು ಎಡಗೈಗೆ ನಾಲ್ಕು, ಬಲಗೈಗೆ ನಾಲ್ಕು ವಾಚು ಕಟ್ಟಿ, ಗಾಜಿನ ಕಪಾಟುಗಳನ್ನು ಒರೆಸುತ್ತ ಒಂದು ಗಂಟೆ ಓಡಾಡುತ್ತಿದ್ದಳು. ಆಮೇಲೆ ಅವನ್ನು ಬಿಚ್ಚಿಟ್ಟು ಇನ್ನೆಂಟು ಕಟ್ಟುತ್ತಿದ್ದಳು. ಅಲ್ಲಿದ್ದವೆಲ್ಲ ಕೈಯ ಅಲುಗಾಟದಿಂದ ತಾವೇ ಕೀಲಿ ತುಂಬಿಕೊಳ್ಳುವ ಬೆಲೆಬಾಳುವ ವಾಚುಗಳು. ಎರಡು ದಿನ ಯಾರೂ ಕಟ್ಟದಿದ್ದರೆ ನಿಂತುಬಿಡುತ್ತಿದ್ದವು. ಗಿರಾಕಿಯ ಕೈಗೆ ನಿಂತ ವಾಚು ಕೊಡಬಾರದು, ತಣ್ಣಗಿರುವ ವಾಚನ್ನೂ ಕೊಡಬಾರದು ಎಂಬುದು ಅಂಗಡಿ ಶುರುಮಾಡಿದ ದೊಡ್ಡ ಯಜಮಾನರ ನೇಮ. ಹೀಗಾಗಿ ಅವಳ ಹೆಸರು ಎಲ್ಲರಿಗೂ ಮರೆತು ಕೀಲಿಯಕ್ಕ ಎಂಬುದೇ ಉಳಿಯಿತು.

ಅವಳ ಅಪ್ಪ ಅದೇ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದವರು. ಅವರು ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ವರ್ಷ. ಅಪ್ಪನ ಜಾಗಕ್ಕೆ ಬಂದು ಕೂತಳು, ಚಿಮಟ ಹಿಡಿದಳು, ಆದರೆ ಹುಟ್ಟಿನಿಂದಲೇ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಮೂರು ದಿನದಲ್ಲಿ ಎರಡು ಮುಳ್ಳು ಮುರಿದು ಅಳುತ್ತ ನಿಂತವಳನ್ನು ನೋಡಿ ದೊಡ್ಡ ಯಜಮಾನರು, "ಅಳಬೇಡಮ್ಮ. ಕೂತಲ್ಲೂ ನಡುಗೋ ಕೈ ಅಂದ್ರೆ ಕೂತಲ್ಲೇ ಕೀಲಿ ಕೊಡೋ ಕೈ. ಇಂಥದ್ದನ್ನ ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ" ಎಂದಿದ್ದರು. ಆವತ್ತಿನಿಂದ ಮೂವತ್ತೊಂಬತ್ತು ವರ್ಷ ಅವಳು ಆ ಮೇಜು ಬಿಟ್ಟಿರಲಿಲ್ಲ.

ಮೇಜಿನ ಕೆಳಗಿನ ಖಾನೆಯಲ್ಲಿ ಹದಿನೇಳು ವಾಚುಗಳು ಬೇರೆಯೇ ಇದ್ದವು. ಅವು ಮಾರುವುದಕ್ಕಲ್ಲ. ಯಾವುಯಾವುದೋ ದೊಡ್ಡ ಮನೆಗಳಲ್ಲಿ ತೀರಿಹೋದವರ ವಾಚುಗಳವು. ಹೆಂಡತಿಯೋ ಮಗಳೋ ತಂದುಕೊಟ್ಟು, "ನಿಲ್ಲೋಕೆ ಬಿಡಬೇಡಿ" ಎಂದು ಹೇಳಿ ಹೋದವು. ದಿನ ಬಿಟ್ಟು ದಿನ ಸಂಜೆ ಅವುಗಳ ಸರದಿ. ಆ ಹೊತ್ತಿನಲ್ಲಿ ಕೀಲಿಯಕ್ಕ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡೂ ತೋಳಿನ ತುಂಬ ಇಲ್ಲದವರ ಟಿಕ್ ಟಿಕ್ ಹೊತ್ತುಕೊಂಡು ಗಾಜು ಒರೆಸುತ್ತಿದ್ದಳು.

ದೊಡ್ಡ ಯಜಮಾನರು ಹೋದ ಮೇಲೆ ಅವರ ಮಗ ಗಲ್ಲಾದಲ್ಲಿ ಕೂತ. ಒಂದು ಬೆಳಿಗ್ಗೆ ಅವನು ಅವಳನ್ನು ಕರೆದು ಕಪ್ಪು ಡಬ್ಬಿಯೊಂದನ್ನು ತೆರೆದ. ಒಳಗೆ ಚಿನ್ನದ ಸ್ಮಾರ್ಟ್‌ವಾಚು. ಪಟ್ಟಿಯೂ ಚಿನ್ನ, ಕೊಂಡಿಯೂ ಚಿನ್ನ. ಮುಖ ಮಾತ್ರ ಬಾವಿಯ ನೀರಿನ ಹಾಗೆ ಕಪ್ಪು.

"ಅಕ್ಕ, ನಮ್ಮ ಗಿರಾಕಿಗಳನ್ನ ನಿಮಗಿಂತ ಬಲ್ಲೋರು ಯಾರಿದ್ದಾರೆ? ದುಡ್ಡಿರೋರಿಗೆ ಇದು ಬೇಕು ಅನ್ಸುತ್ತಾ?"

ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಏನೂ ಅಲುಗಲಿಲ್ಲ.

"ಬೇಡ ಅಂತಾರೆ, ಚಿಕ್ಕ ಯಜಮಾನ್ರೇ. ನಮ್ಮಲ್ಲಿಗೆ ಬರೋರು ಟೈಮ್ ನೋಡೋಕೆ ವಾಚು ತಗೊಳ್ಳಲ್ಲ. ತಾವು ಹೋದ ಮೇಲೂ ಓಡ್ತಿರ್ಲಿ ಅಂತ ತಗೊಳ್ತಾರೆ. ಇದು ನಾಲ್ಕು ವರ್ಷಕ್ಕೆ ಕಣ್ಣು ಮುಚ್ಚುತ್ತೆ. ಮಗನ ಕೈಗೆ ಏನನ್ನ ಕಟ್ತಾರೆ, ಹೆಣಾನಾ?"

"ಒಳ್ಳೆ ಬಾಯಿ ನಿಮ್ದು!" ಅವನು ನಕ್ಕ. ಆಮೇಲೆ ನಗು ತಗ್ಗಿಸಿ ಹೇಳಿದ: "ಕಾಗದದ ಗಿರಣಿ ಸಾಹುಕಾರ್ರು ಸೋಮವಾರ ಬರ್ತಾರೆ. ಅವರು ತಗೊಂಡ್ರೆ ಉಳಿದವರೂ ಸಾಲಾಗಿ ಬರ್ತಾರೆ. ಆಗ ಕಪಾಟಿನ ತುಂಬ ಇದನ್ನೇ ಇಡ್ತೀನಿ. ನಿಮ್ಮ ಮೇಜಿನ ಜಾಗದಲ್ಲಿ ಚಾರ್ಜಿಂಗ್ ಮೇಜು ಹಾಕ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ, ನಿಮಗೂ ವಯಸ್ಸಾಯ್ತು. ಅವರು ಬೇಡ ಅಂದ್ರೆ ವಾಪಸ್ ಕಳಿಸ್ತೀನಿ, ಎಲ್ಲ ಹಿಂದಿನ ಹಾಗೇ."

ಅವಳು ಡಬ್ಬಿಯಿಂದ ವಾಚು ತೆಗೆದು, ಕಪಾಟಿನ ನಡುವೆ ಇದ್ದ ಮಖಮಲ್ಲಿನ ಪುಟ್ಟ ದಿಂಬಿಗೆ ಸುತ್ತಿ ಕಟ್ಟಿದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳೂ ಅವಳೇ. ದೀಪ ಹಾಕುವ ಮೊದಲೇ ಕಪಾಟಿನೊಳಗೆ ಹಸಿರು ಕಾಣಿಸಿತು. ಚಿನ್ನದ ವಾಚಿನ ಹೊಟ್ಟೆಯಡಿಯಿಂದ ಬೆಳಕೊಂದು ಮಿಣಮಿಣ ಎಂದು ಸೋರುತ್ತಿತ್ತು, ಮಂಚದ ಕೆಳಗೆ ಬೆಕ್ಕು ಕಣ್ಣು ಬಿಟ್ಟ ಹಾಗೆ. ಹತ್ತಿರ ಹೋದಳು. ಕಪ್ಪು ಮುಖದ ಮೇಲೆ ಕೆಂಪು ಹೃದಯದ ಚಿತ್ರ ಹಿಗ್ಗುತ್ತ ಕುಗ್ಗುತ್ತ ಇತ್ತು. ಪಕ್ಕದಲ್ಲಿ ಅಂಕಿ: ಅರವತ್ತೆರಡು.

ಅವಳು ದಿಂಬಿನ ಮೇಲೆ ಎರಡು ಬೆರಳಿಟ್ಟಳು. ಯಾಕಿಟ್ಟಳೋ ಅವಳಿಗೇ ತಿಳಿಯದು. ಅರಳೆ ತುಂಬಿದ ದಿಂಬು ಬೆಚ್ಚಗಿತ್ತು. ಅಷ್ಟರಲ್ಲಿ ಅಂಕಿ ಅರವತ್ತಮೂರಾಗಿ, ಮತ್ತೆ ಅರವತ್ತೆರಡಾಯಿತು. ಅವಳು ಕೈ ಹಿಂದಕ್ಕೆಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

ಚಿಕ್ಕ ಯಜಮಾನ ಬಂದಾಗ ತೋರಿಸಿದಳು.

"ಅಯ್ಯೋ, ಅದು ಬೆಳಕಿನ ಆಟ ಅಕ್ಕ. ಹಸಿರು ಬೆಳಕು ಚರ್ಮದ ಮೇಲೆ ಬಿದ್ದು ವಾಪಸ್ ಬರುತ್ತಲ್ಲ, ಅದನ್ನ ನೋಡಿ ನಾಡಿ ಎಣಿಸುತ್ತೆ. ಬಟ್ಟೆ ಮೇಲೂ ಒಮ್ಮೊಮ್ಮೆ ಹಾಗೇ ಬೀಳುತ್ತೆ, ಪಾಪ, ಅದಕ್ಕೇನು ಗೊತ್ತು? ಇದು ಡಾಕ್ಟರಲ್ಲ ಅಂತ ಇದರ ಜೊತೆ ಬರೋ ಪುಸ್ತಕದಲ್ಲೇ ಬರೆದಿದ್ದಾರೆ."

"ಗಿರಾಕಿಗಳಿಗೆ ಹೇಳ್ಬೇಡ್ವಾ?"

"ಪುಸ್ತಕ ಕೊಡ್ತೀವಲ್ಲ."

ಆ ದಿನ ಮನೆಗೆ ಹೋಗಿ ತಂಗಿಗೆ ಹೇಳಿದಳು. ತಂಗಿ ಬಟ್ಟೆ ಹೊಲಿಯುವವಳು. ಅಕ್ಕತಂಗಿಯರಿಬ್ಬರದ್ದೇ ಮನೆ. ಹೊಲಿಗೆ ಮೆಷಿನ್ನು ನಿಲ್ಲಿಸದೆಯೇ ತಂಗಿ ಕೇಳಿದಳು, "ಮತ್ತೆ ಸಾಹುಕಾರ್ರಿಗೆ ಹೇಳೋದು ತಾನೇ? ದಿಂಬಿಗೂ ಜೀವ ಇದೆ ಅನ್ನೋ ವಾಚನ್ನ ಯಾರು ತಗೊಳ್ತಾರೆ? ನಿನ್ನ ಮೇಜೂ ಉಳಿಯುತ್ತೆ."

"ಅದೇ ಕಣೇ ತೊಂದ್ರೆ. ಮೇಜು ಉಳೀಲಿ ಅಂತ ಹೇಳಿದ್ಲು ಅಂತಾರೆ."

"ಅಂದ್ರೆ ಅನ್ಲಿ! ಅಂದವರ ಮಾತು ಮೈಗೆ ಅಂಟುತ್ತಾ?"

"ಹೊಟ್ಟೆಪಾಡಿಗೆ ಗಿರಾಕಿ ಓಡಿಸಿದ್ಲು ಅನ್ನಿಸ್ಕೊಳ್ಳೋಕೆ ನನ್ ಕೈಲಾಗಲ್ಲ."

ತಂಗಿ ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. "ನಿನ್ನ ಮರ್ಯಾದೆ ಒಂದಿನ ಯಾರನ್ನಾದ್ರೂ ಕೊಲ್ಲುತ್ತೆ ನೋಡು" ಎಂದು ಹೇಳಿ ಮತ್ತೆ ತುಳಿಯತೊಡಗಿದಳು. ಅದು ಅವಳು ಮಾತುಮಾತಿಗೆ ಆಡುವ ಬೈಗುಳ. ಅಂದು ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಗಿರಣಿ ಸಾಹುಕಾರರು ಹೆಂಡತಿಯ ಜೊತೆ ಬಂದರು. ಎಪ್ಪತ್ತು ದಾಟಿದ ಗಟ್ಟಿ ದನಿಯ ಮನುಷ್ಯ. ಆದರೆ ಆ ವರ್ಷ ಎರಡು ಸಲ ಎದೆನೋವು ಬಂದುಹೋಗಿತ್ತು.

"ಏನಮ್ಮಾ ಕೀಲಿಯಕ್ಕ, ಇನ್ನೂ ಕೈ ನಡುಗ್ತಾ ಇದೆಯೋ?"

"ನಿಮ್ಮ ದಯೆ, ಸಾಹುಕಾರ್ರೇ. ನಿಂತಿಲ್ಲ."

"ನಿಲ್ಲಿಸ್ಬೇಡ, ನಿಲ್ಲಿಸ್ಬೇಡ! ನಿನ್ನ ಕೈ ನಿಂತ್ರೆ ಈ ಅಂಗಡಿಯೇ ನಿಲ್ಲುತ್ತೆ."

ಹೆಂಡತಿ ಚಿನ್ನದ ವಾಚನ್ನು ಗಂಡನ ಮಣಿಕಟ್ಟಿಗೆ ತಾನೇ ಹಾಕಿದರು. ಅಂಕಿ ಎಪ್ಪತ್ತೊಂದಕ್ಕೆ ಬಂದು ನಿಂತಿತು. ಆಕೆಯ ಮುಖ ಅರಳಿತು. "ನೋಡಿ, ಇನ್ಮೇಲೆ ನೀವು ಮಲಗಿದಾಗ ಎದೆ ಮೇಲೆ ಕೈಯಿಟ್ಟು ನೋಡೋದು ತಪ್ಪಿತು. ಇದನ್ನ ನೋಡಿದ್ರೆ ಸಾಕು."

ಸಾಹುಕಾರರು ಕೀಲಿಯಕ್ಕನ ಕಡೆ ತಿರುಗಿದರು. "ಇವನು ಮಾರೋನು, ಹೊಗಳ್ತಾನೆ. ನೀನು ಹೇಳಮ್ಮ. ಇದು ತೋರ್ಸೋ ನಾಡಿ ನಿಜಾನಾ?"

ಚಿಕ್ಕ ಯಜಮಾನ ರಸೀದಿ ಪುಸ್ತಕದ ಹಾಳೆ ತಿರುವುತ್ತ ನಿಂತಿದ್ದ. ತಲೆ ಎತ್ತಲಿಲ್ಲ. ಕೀಲಿಯಕ್ಕನ ನಾಲಿಗೆಯ ತುದಿಗೆ ದಿಂಬಿನ ಮಾತು ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಹೊಸ ಕಾಲದ್ದು, ಸಾಹುಕಾರ್ರೇ. ನನಗೆ ಅಷ್ಟೆಲ್ಲ ಗೊತ್ತಾಗಲ್ಲ."

ಹಳೆಯ ಗಿರಾಕಿಗಳು ಒಂದು ವಾರ ಕಟ್ಟಿಕೊಂಡು ನೋಡಿ ಆಮೇಲೆ ಬೇಕೋ ಬೇಡವೋ ಹೇಳುವುದು ಆ ಅಂಗಡಿಯ ಪದ್ಧತಿ. ಸಾಹುಕಾರರು ಇಪ್ಪತ್ತಾರು ವರ್ಷ ಕಟ್ಟಿದ ಹಳೆಯ ವಾಚನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಚಿನ್ನದ್ದನ್ನು ಕಟ್ಟಿಕೊಂಡು ಹೋದರು. ಮೆಟ್ಟಿಲಿಳಿಯುವಾಗ ಅವರ ಕೈಯಡಿಯಿಂದ ಹಸಿರು ಬೆಳಕು ಪಿಳಿಪಿಳಿ ಎಂದಿತು.

ವಾರ ಮುಗಿದು ಒಂಬತ್ತು ದಿನಗಳಾದ ಮೇಲೆ ಬಂದವರು ಹೆಂಡತಿ ಮಾತ್ರ. ಸಾಹುಕಾರರು ತೀರಿಕೊಂಡ ಸುದ್ದಿ ಅಂಗಡಿಗೆ ಆಗಲೇ ಮುಟ್ಟಿತ್ತು. ಚಿಕ್ಕ ಯಜಮಾನ ಎದ್ದು ಕುರ್ಚಿ ಹಾಕಿದ. ಆಕೆ ಅವನನ್ನು ದಾಟಿ ಬಂದು ಕೀಲಿಯಕ್ಕನ ಮೇಜಿನೆದುರು ಕೂತು, ಕರವಸ್ತ್ರ ಬಿಚ್ಚಿದರು. ಒಳಗೆ ಎರಡು ವಾಚುಗಳಿದ್ದವು.

"ಶನಿವಾರ ಊಟ ಮಾಡಿ ಮಲಗಿದ್ರು," ಎಂದರು ಆಕೆ. "ನಾನು ಪಕ್ಕದಲ್ಲಿ ಪೇಪರ್ ಓದ್ತಿದ್ದೆ. ಗೊರಕೆ ಹೊಡೀತಿದ್ದೋರು ಸುಮ್ಮನಾದ್ರು. ಸದ್ಯ, ಗೊರಕೆ ನಿಂತಿತಲ್ಲ ಅಂದ್ಕೊಂಡೆ. ವಾಚು ನೋಡ್ದೆ. ಅರವತ್ತೆರಡು. ಮತ್ತೆ ಓದ್ದೆ, ಮತ್ತೆ ನೋಡ್ದೆ. ಅರವತ್ತೆರಡು. ಒಳ್ಳೆ ನಿದ್ದೆ ಬಂದಿದೆ ಅಂತ ಖುಷಿಯಾಯ್ತು. ಪೇಪರಿನಲ್ಲಿದ್ದಿದ್ದನ್ನ ಗಟ್ಟಿಯಾಗಿ ಓದಿ ಹೇಳ್ದೆ. ಅವರ ತಮ್ಮನ ಮೇಲೆ ಚಾಡಿ ಹೇಳ್ದೆ. ಟೀ ತಂದಿಟ್ಟೆ. ಆರಿಹೋಯ್ತು. ಆರಿದ ಟೀ ಕುಡಿಯಲ್ಲ ಇವರು ಅಂತ ಬೈದು, ಇನ್ನೊಂದು ಲೋಟ ತಂದೆ. ಕೆನ್ನೆ ಮುಟ್ಟಿದಾಗ..."

ಆಕೆ ಕರವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಹೋಗಿ ಒಂದು ಗಂಟೆ ಮೇಲಾಗಿದೆ ಅಂದ್ರು ಡಾಕ್ಟರು. ಅವರು ಹಾಗನ್ನುವಾಗ್ಲೂ ಇದು ಹೊಡ್ಕೊಳ್ತಾನೇ ಇತ್ತು. ಬೇಗ ಕರೆದಿದ್ರೂ ಉಪಯೋಗ ಇರ್ಲಿಲ್ಲ ಅಂತ ಕೂಡ ಅಂದ್ರು. ಡಾಕ್ಟರು ಹಾಗೆ ಹೇಳ್ಲೇಬೇಕಲ್ಲ."

ಮೂವತ್ತೊಂಬತ್ತು ವರ್ಷದ ಅಭ್ಯಾಸದಿಂದ ಕೀಲಿಯಕ್ಕನ ಕೈ ತಾನಾಗಿ ಸಾಹುಕಾರರ ಹಳೆಯ ವಾಚಿನತ್ತ ಹೋಯಿತು. ಅದು ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು. ಎತ್ತಿಕೊಂಡು ಅಲುಗಿಸಹೊರಟಾಗ ಆಕೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

"ಓಡಿಸ್ಬೇಡ. ಅವರು ಬಿಚ್ಚಿಟ್ಟ ಎರಡನೇ ದಿನಕ್ಕೆ ಇದು ನಿಂತಿತು. ಇವೆರಡರಲ್ಲಿ ನಿಜ ಹೇಳಿದ್ದು ಇದೊಂದೇ."

ಕೀಲಿಯಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

"ಅಮ್ಮಾ, ನನಗೆ ಗೊತ್ತಿತ್ತು. ದಿಂಬಿನ ಮೇಲೂ ಅದು ಹೀಗೇ ಹೊಡ್ಕೊಳ್ತಿತ್ತು. ಸಾಹುಕಾರ್ರು ಕೇಳಿದಾಗ ಹೇಳ್ಲಿಲ್ಲ."

ಗಲ್ಲಾದಲ್ಲಿ ಹಾಳೆಯ ಸದ್ದು ನಿಂತಿತು. ಆಕೆ ಹಿಡಿದ ಕೈ ಬಿಟ್ಟರು.

"ಯಾಕೆ ಹೇಳ್ಲಿಲ್ಲ?"

"ನನ್ನ ಹೊಟ್ಟೆಪಾಡಿಗೆ ಹೇಳ್ದೆ ಅಂದ್ಕೊಳ್ತೀರಿ ಅಂತ."

"ಅಂದ್ಕೊಳ್ತಿದ್ವಿ," ಎಂದರು ಆಕೆ. "ಆದ್ರೂ ಹೇಳ್ಬೇಕಿತ್ತು."

ನಿಂತ ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು. ಚಿನ್ನದ್ದು ಮೇಜಿನ ಮೇಲೆ ಉಳಿಯಿತು, ಕಪ್ಪು ಮುಖ ಮೇಲೆ ಮಾಡಿಕೊಂಡು.

ಚಿಕ್ಕ ಯಜಮಾನ ಅದನ್ನು ವಾಪಸು ಕಳಿಸಲು ಡಬ್ಬಿಗೆ ಹಾಕಿ ಕಟ್ಟಿದ್ದ. ಆದರೆ ಸುದ್ದಿಗೆ ಕಾಲಿರುತ್ತದೆ. ಮೂರನೆಯ ದಿನ ಮುತ್ತಿನ ವ್ಯಾಪಾರಿಯೊಬ್ಬರು ಬಂದರು. ಒಣಗಿದ ಕಡ್ಡಿಯಂಥ ಮನುಷ್ಯ, ದನಿ ಸಣ್ಣದು. ಕುಳಿತುಕೊಳ್ಳದೆ ಕೇಳಿದರು: "ಸಾಹುಕಾರ್ರ ಜೀವ ಹೋದ ಮೇಲೂ ಹೊಡ್ಕೊಳ್ತಿತ್ತಂತಲ್ಲ, ಆ ವಾಚು ಎಲ್ಲಿ?"

ಈ ಸಲ ಕೀಲಿಯಕ್ಕ ಯಾರಾದರೂ ಕೇಳಲಿ ಎಂದು ಕಾಯಲಿಲ್ಲ. ಡಬ್ಬಿ ಬಿಚ್ಚಿ, ವಾಚು ತೆಗೆದು, ಅವರ ಕಣ್ಣೆದುರಿಗೇ ದಿಂಬಿಗೆ ಕಟ್ಟಿದಳು. ಹಸಿರು ಬೆಳಕು ಮಿನುಗಿತು. ಅರವತ್ತೆರಡು. ಬಿಚ್ಚಿ, ಒರೆಸುವ ಬಟ್ಟೆಯನ್ನು ಸುರುಳಿ ಸುತ್ತಿ ಅದಕ್ಕೆ ಕಟ್ಟಿದಳು. ತುಸು ತಡೆದು ಅಲ್ಲಿಯೂ ಅದೇ ಅಂಕಿ ಬಂತು.

"ನೋಡಿ ಸ್ವಾಮಿ, ಇದು ಸುಳ್ಳು ಹೇಳುತ್ತೆ. ಅರಳೆಗೂ ಜೀವ ಇದೆ ಅನ್ನುತ್ತೆ, ಚಿಂದಿ ಬಟ್ಟೆಗೂ ಇದೆ ಅನ್ನುತ್ತೆ. ಹೋದವರ ಕೈ ಮೇಲೂ ಹೀಗೇ ಹೇಳ್ತು. ಇದನ್ನ ನಂಬಬೇಡಿ. ತನ್ನ ಕೆಲಸಕ್ಕೋಸ್ಕರ ಹೇಳ್ತಿದ್ದಾಳೆ ಅಂದ್ಕೊಂಡ್ರೆ ಅಂದ್ಕೊಳ್ಳಿ. ಆದ್ರೂ ನಂಬಬೇಡಿ."

ವ್ಯಾಪಾರಿ ಬಗ್ಗಿ, ಚಿಂದಿಯ ಮೇಲೆ ಹಿಗ್ಗುತ್ತ ಕುಗ್ಗುತ್ತಿದ್ದ ಆ ಕೆಂಪು ಹೃದಯವನ್ನು ನೋಡಿದರು. ಉಸಿರಿಗೆ ಗಾಜು ಮಂಜಾಗುವಷ್ಟು ಹತ್ತಿರದಿಂದ ನೋಡಿದರು. ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ಆಸೆ.

"ಹಾಗಾದ್ರೆ," ಎಂದರು ಮೆಲ್ಲಗೆ, "ಇದು ನಿಲ್ಲೋದೇ ಇಲ್ಲ ಅನ್ನಿ."

ಕಟ್ಟಿಕೊಂಡೇ ಹೋದರು. ವಾರ ನೋಡುತ್ತೇನೆ ಎನ್ನಲೂ ಇಲ್ಲ.

ಆಮೇಲೆ ಸಾಲು ಹತ್ತಿತು. ಕೀಲಿಯಕ್ಕ ಬಂದವರಿಗೆಲ್ಲ ದಿಂಬು ತೋರಿಸಿದಳು, ಚಿಂದಿ ತೋರಿಸಿದಳು, ಒಂದೂ ಮುಚ್ಚಿಡಲಿಲ್ಲ. ಅವಳು ಹೇಳಿದಷ್ಟೂ ಅವರ ಕಣ್ಣು ಹೊಳೆದವು. ಒಬ್ಬರು ದಿಂಬನ್ನೂ ಸೇರಿಸಿ ಕೊಡುವಿರಾ ಎಂದು ಕೇಳಿದರು. ತಿಂಗಳೊಳಗೆ ಕಪಾಟಿನಲ್ಲಿ ಹನ್ನೆರಡು ದಿಂಬು, ಹನ್ನೆರಡು ಚಿನ್ನದ ವಾಚು. ಬೆಳಿಗ್ಗೆ ಅವಳು ಬಾಗಿಲು ತೆಗೆದರೆ ಕತ್ತಲಲ್ಲಿ ಹನ್ನೆರಡು ಹಸಿರು ಕಣ್ಣುಗಳು ಅವಳತ್ತ ಪಿಳಿಪಿಳಿ ಎನ್ನುತ್ತಿದ್ದವು. ಹನ್ನೆರಡರಲ್ಲೂ ಒಂದೇ ಅಂಕಿ.

ಚಿಕ್ಕ ಯಜಮಾನ ಒಂದು ದಿನ ಸಂಕೋಚದಿಂದ ಬಂದು ನಿಂತ. "ಅಕ್ಕ, ನಿಮ್ಮ ಮೇಜು ತೆಗೆಯಲ್ಲ. ನೀವು ತೋರ್ಸಿದ್ರೇನೇ ಅವರು ತಗೊಳ್ಳೋದು. ಇನ್ಮೇಲೆ ಅವನ್ನೂ ದಿನಾ ಒಂದೊಂದು ಗಂಟೆ ಕಟ್ಕೊಂಡು ಓಡಾಡಿ. ಬಿಸಿಯಾಗಿ ಕೊಡೋಣ, ಅಪ್ಪ ಇದ್ದಾಗಿನ ಹಾಗೆ."

ಅವಳು ಕಪಾಟಿನ ಕಡೆ ನೋಡಿದಳು.

"ಅವಕ್ಕೆ ನನ್ನ ಕೈ ಯಾಕೆ, ಯಜಮಾನ್ರೇ? ದಿಂಬೇ ಸಾಕಲ್ಲ."

ಕೆಳಗಿನ ಖಾನೆಯ ಹದಿನೇಳು ವಾಚುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ, ವಾಪಸು ಕೊಡಲೆಂದು ಆಯಾ ಮನೆಯವರ ಹೆಸರಿನ ಚೀಟಿ ಅಂಟಿಸಿ ಗಲ್ಲಾದ ಮೇಲಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ತೋಳುಗಳು ಬರಿದಾಗಿ, ಎಷ್ಟು ಹಗುರವೆನಿಸಿತೆಂದರೆ ಬೀದಿಯಲ್ಲಿ ಎರಡು ಸಲ ನಿಂತು ಅವು ಇವೆಯೇ ಎಂದು ಮುಟ್ಟಿ ನೋಡಿಕೊಂಡಳು. ಮಣಿಕಟ್ಟಿಗೆ ಎರಡು ಬೆರಳಿಟ್ಟಳು. ಏನೂ ಸಿಗಲಿಲ್ಲ. ನಡುಗುವ ಕೈಯಲ್ಲಿ ನಡುಕ ಯಾವುದು, ನಾಡಿ ಯಾವುದು ಎಂದು ತಿಳಿಯಲಿಲ್ಲ.

ಮನೆಗೆ ಬಂದವಳೇ ಹೊಲಿಗೆ ಮೆಷಿನ್ನಿನ ಮುಂದೆ ಕೈ ಚಾಚಿದಳು. "ನೋಡೇ, ಇದೆಯಾ?"

ತಂಗಿ ಅವಳ ಮುಖ ನೋಡಿ, ತಮಾಷೆ ಮಾಡಹೊರಟವಳು ಮಾಡಲಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಲೋಹದ ಟೋಪಿ ತೆಗೆದಿಟ್ಟು ಅಕ್ಕನ ಮಣಿಕಟ್ಟು ಹಿಡಿದಳು.

"ಇದೆ."

"ಎಷ್ಟಿದೆ?"

"ಎಷ್ಟು ಅಂದ್ರೆ? ಇದೆ ಅಂದ್ನಲ್ಲ," ಎಂದಳು ತಂಗಿ. ಆದರೆ ಹಿಡಿದ ಕೈಯನ್ನು ಬಿಡಲಿಲ್ಲ.